ತೇಪೆ ಹಾಕಿದ ಕಣ್ಣುಗಳು

ಕಚಕ್, ಕಚಕ್. ದ್ರಾಕ್ಷಿ ಸಾಲುಗಳ ಒಳಗಿನಿಂದ ಕತ್ತರಿಗಳ ಸದ್ದು ಬರುತ್ತಿತ್ತು. ಒಂದು ನಿಲ್ಲುವಷ್ಟರಲ್ಲಿ ಇನ್ನೊಂದು. ತಿಕೋಟಾ ದಾಟಿ ತೋಟದ ಬದಿಗೆ ಜೀಪು ನಿಂತಾಗ ಡಾ. ಸಾಯಿರಾ ಮಕಾನದಾರ ಇಳಿಯದೆ ಅದನ್ನೇ ಕೇಳುತ್ತ ಕೂತರು. ಅಕ್ಟೋಬರದ ಚಾಟ್ನಿ ಶುರುವಾಗಿತ್ತು. ಬಳ್ಳಿ ಸವರುವ ಈ ದಿನಗಳಲ್ಲಿ ಕಡ್ಡಿ ಸಿಡಿದು ಎಷ್ಟು ಜನರ ಕಣ್ಣಿಗೆ ಬಡಿಯುತ್ತದೆ ಎಂಬುದನ್ನು ಹದಿನಾಲ್ಕು ವರ್ಷಗಳಿಂದ ಅವರು ಬರೆದಿಡುತ್ತ ಬಂದಿದ್ದರು. ಕಡ್ಡಿಯ ಜೊತೆ ಬೂಷ್ಟು ಒಳಸೇರುತ್ತದೆ. ವಾರದೊಳಗೆ ಕರಿಗುಡ್ಡೆಯ ಮೇಲೆ ಬಿಳಿ ಹುಣ್ಣು. ತಡವಾದರೆ ತೂತು.

"ಇಳೀರಿ ಬಾಯಾರ," ಎಂದ ಡ್ರೈವರ್ ಮೌಲಾಸಾಬ. "ಇಲ್ಲೇ ಕೂತ್ರ ನೀಲಾಬಾಯಿ ಕಣ್ಣು ಛಲೋ ಆಗ್ತೈತೇನ್ರಿ?"

"ನಿನ್ನ ನಾಲಿಗಿಗೂ ಒಂದ್ ಆಪರೇಷನ್ ಮಾಡಬೇಕು ನೋಡು, ಚಾಚಾ."

"ಅದಕ್ಕ ಬ್ಯಾರೆ ಡಾಕ್ಟರ್ ಅದಾರ್ರಿ. ನೀವು ನಿಮ್ಮ ಕೆಲಸ ಮಾಡ್ರಿ."

ಸಾಯಿರಾ ನಕ್ಕರು, ಆದರೆ ಕೈ ಮಾತ್ರ ಚೀಲವನ್ನು ಬಿಡಲಿಲ್ಲ. ಅದರೊಳಗೆ ಒಂದು ಪತ್ರವಿತ್ತು. ತಮ್ಮ ಸಂಶೋಧನೆಯನ್ನು ಅಚ್ಚು ಹಾಕಿದ ವೈದ್ಯಪತ್ರಿಕೆಗೆ, 'ನನ್ನ ಲೇಖನವನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ' ಎಂದು ಅವರೇ ಬರೆದದ್ದು. ಆ ಸಂಜೆ ಕಳಿಸಬೇಕಿತ್ತು.

ಅವರು ಬೆಳೆದದ್ದು ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ. ತಂದೆ ಬಂದೇನವಾಜ ಅಲ್ಲಿ ಲಾರಿ ಟ್ಯೂಬುಗಳಿಗೆ ಪಂಕ್ಚರ್ ಹಾಕುತ್ತಿದ್ದರು. ಹೊಸ ರಬ್ಬರು ಎಷ್ಟೇ ಅಗ್ಗವಿರಲಿ, ಅವರು ತೇಪೆಗೆ ಹುಡುಕುತ್ತಿದ್ದದ್ದು ಅದೇ ಜಾತಿಯ ಹಳೇ ಟ್ಯೂಬಿನ ತುಂಡು. "ತನ್ನದಕ್ಕ ತನ್ನದs ಹತ್ತತೈತಿ," ಎನ್ನುತ್ತಿದ್ದರು. ಪಕ್ಕದ ಲೇಥ್ ಅಂಗಡಿಯವರು ಕಣ್ಣಿಗೆ ಕಬ್ಬಿಣದ ಚೂರು ಬಿದ್ದಾಗ ಓಡಿ ಬರುತ್ತಿದ್ದದ್ದೂ ಅವರ ಬಳಿಗೇ. ಕರವಸ್ತ್ರದ ತುದಿ ಹೊಸೆದು ಚೂರು ತೆಗೆಯುವ ತಂದೆಗೆ ರೆಪ್ಪೆ ಹಿಡಿದುಕೊಡುವುದು ಮಗಳ ಕೆಲಸ. ಆ ಕೈ ಮುಂದೆ ವೈದ್ಯಕೀಯ ಕಾಲೇಜಿಗೆ ಹೋಯಿತು, ಹೊರರಾಜ್ಯದ ದೊಡ್ಡ ಕಣ್ಣಿನ ಆಸ್ಪತ್ರೆಯಲ್ಲಿ ಆರು ವರ್ಷ ಪಳಗಿತು, ಮತ್ತೆ ಊರಿಗೆ ಬಂತು.

ಊರಿನಲ್ಲಿ ಅವರನ್ನು ಕಾಡಿದ್ದು ತೂತು ಬಿದ್ದ ಕಣ್ಣುಗಳು. ಯಾರೋ ಸತ್ತವರ ಕಣ್ಣು ದಾನವಾಗಿ ಬಂದರೆ ಕಸಿ ಮಾಡಬಹುದು. ಬರುವಷ್ಟರಲ್ಲಿ ಇವರ ಕಣ್ಣು ಇಂಗಿ ಹೋಗುತ್ತಿತ್ತು. ಒಂದು ದಿನ ಸಾಯಿರಾ ಕಾಯಲಿಲ್ಲ. ಅದೇ ಕಣ್ಣಿನ ಬಿಳಿಭಾಗದ ಮೇಲಿರುವ ತೆಳುಪೊರೆಯನ್ನು ಉಗುರಿನಷ್ಟು ಬಿಡಿಸಿ ತೂತಿಗೆ ತೇಪೆ ಹಾಕಿದರು. ನಿಂತಿತು. ಉಪಾಯ ಅವರೊಬ್ಬರದೇ ಅಲ್ಲ, ಬೇರೆ ಕಡೆ ಮಾಡಿದವರಿದ್ದರು. ಆದರೆ ಬಳ್ಳಿಯ ಕಡ್ಡಿ ಚುಚ್ಚಿದ ಕಣ್ಣಿನಲ್ಲಿ ಅದು ಎಷ್ಟು ವರ್ಷ ಉಳಿದೀತು ಎಂದು ಬೆನ್ನುಹತ್ತಿ ನೋಡಿದವರಿರಲಿಲ್ಲ. ಸಾಯಿರಾ ನೋಡಿದರು. ನಲವತ್ತು ಕಣ್ಣು, ಒಂದು ಲೇಖನ. ಪ್ರೊಫೆಸರ್ ಹುದ್ದೆ ಬಂತು. ದೂರದೂರದ ಡಾಕ್ಟರುಗಳು ಬಂದು ಕಲಿತು ಹೋದರು.

ಮೂರು ವಾರದ ಹಿಂದೆ, ಲೇಖನ ಬಂದಮೇಲಿನ ಎರಡನೆಯ ವರ್ಷದ ತಪಾಸಣೆಯ ಹಾಳೆಗಳು ಬಂದವು. ತಾಲೂಕು ಕ್ಯಾಂಪುಗಳಲ್ಲಿ ಸಹಾಯಕರು ಬಂದವರ ತಪಾಸಣೆ ಕಾರ್ಡು ನೋಡಿ, ಅಕ್ಷರದ ಫಲಕ ಓದಿಸಿ, ಬ್ಯಾಟರಿ ಬಿಟ್ಟು ನೋಡಿ ಬರೆದದ್ದು. ಐದು ಕಣ್ಣುಗಳ ದೃಷ್ಟಿ ಸಲಸಲಕ್ಕೂ ಇಳಿದಿತ್ತು. 'ಮಬ್ಬು', 'ಹೆಚ್ಚು ಮಬ್ಬು'.

"ನಲವತ್ತರಾಗ ಐದು. ಏನ್ ಮಹಾ ಅದು?" ಎಂದರು ವಿಭಾಗದ ಮುಖ್ಯಸ್ಥ ಸಂಗನಬಸವ.

"ಐದು ಮಂದಿ ಕಣ್ಣು ಸರ್. ನನ್ನ ಮಾತು ನಂಬಿ ಎಷ್ಟು ಊರಾಗ ಇದನ್ನ ಮಾಡಾಕತ್ತಾರ."

ಅಂದೇ ಅವರು ತೇಪೆ ಹಾಕುವುದನ್ನು ನಿಲ್ಲಿಸಿದರು. ಪತ್ರ ಬರೆದರು. ಕಳಿಸುವ ಮೊದಲು ಆ ಐದು ಕಣ್ಣುಗಳನ್ನು ತಾವೇ ನೋಡಬೇಕೆಂದು ಹೊರಟಿದ್ದರು.

ಬೆಳಿಗ್ಗೆ ಬಬಲೇಶ್ವರದಲ್ಲಿ ಧೂಳಪ್ಪನನ್ನು ನೋಡಿದ್ದರು. ಅವನ ಕಣ್ಣು ನಿಜಕ್ಕೂ ಮಬ್ಬಾಗಿತ್ತು. "ಹ್ವಾದ ವರ್ಷ ಕಬ್ಬಿನ ಗರಿ ಮತ್ತ ಬಡೀತ್ರಿ, ಹೇಳಾಕ ಅಂಜಿದ್ನಿ," ಎಂದ. ಮತ್ತೆ ಏಟು ಬಿದ್ದು ಕೆಟ್ಟಿತೋ, ತೇಪೆಯೇ ಸೋತಿತೋ? ಸಾಯಿರಾ ತಮಗೆ ಅನುಕೂಲವಾದ ಉತ್ತರವನ್ನು ಆರಿಸಿಕೊಳ್ಳಲಿಲ್ಲ.

ಈಗ ಎರಡನೆಯವಳು ನೀಲಾಬಾಯಿ. ಕೈಯಲ್ಲಿ ಕತ್ತರಿ ಹಿಡಿದೇ ಸಾಲಿನಿಂದ ಹೊರಬಂದಳು.

"ಅಯ್ಯ, ಬಾಯಾರು ನಮ್ಮ ದ್ರಾಕ್ಷಿ ಪಡಕ್ಕ ಬಂದಾರ! ಬರ್ರಿ, ಬರ್ರಿ. ಯಕ್ಕಾ, ಚಾಕ್ಕ ಇಡು!"

"ಚಾ ಆಮ್ಯಾಲೆ. ಇಲ್ಲಿ ಬಾ, ಬೆಳಕಿಗೆ ನಿಲ್ಲು."

ಸಾಯಿರಾ ಎಡಗಣ್ಣಿನ ರೆಪ್ಪೆ ಎತ್ತಿದರು. ಬೆಳಕು ಬಿಟ್ಟು, ಭೂತಗನ್ನಡಿ ಹಿಡಿದು ನೋಡಿದರು. ಮತ್ತೊಮ್ಮೆ ನೋಡಿದರು. ಕರಿಗುಡ್ಡೆಯ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಬಿಳಿ ಕಲೆ. ಉಳಿದದ್ದು ತಿಳಿನೀರು.

"ಬಲಗಣ್ಣು ಮುಚ್ಚು. ರಸ್ತೆ ಆಚಿ ಆ ಬೋರ್ಡಿನ ಮ್ಯಾಲ ಏನೈತಿ ಓದು."

"ಫೋನ್ ನಂಬರ್ ಐತ್ರಿ. ಒಂಬತ್ತು, ನಾಕು, ನಾಕು, ಎಂಟು..." ಪೂರ್ತಿ ಓದಿದಳು.

ಹಾಳೆಯಲ್ಲಿ ಇದ್ದದ್ದು ಬೇರೆ: ಮೂರು ಮೀಟರ್ ಆಚೆ ಬೆರಳು ಸಹ ಎಣಿಸಲಾರಳು.

"ಹೋದ ತಿಂಗಳ ಕ್ಯಾಂಪಿನ್ಯಾಗ ಇಷ್ಟು ಯಾಕ ಓದಲಿಲ್ಲ ನೀನು?"

"ನಾ ಎಲ್ಲಿ ಹೋಗೀನ್ರಿ ಕ್ಯಾಂಪಿಗೆ? ಮೂರೂ ಸಲ ನಮ್ಮಕ್ಕನs ಹೋಗ್ಯಾಳ. ನನ್ನ ನೆಗೆಣ್ಣಿ, ನಮ್ಮ ಭಾವನ ಹೆಂಡತಿ ಭೌರವ್ವ."

"ಕಾರ್ಡ್ ನಿಂದಲ್ಲೇನು?"

"ಕಾರ್ಡ್ ಮನೀದಲ್ಲೇನ್ರಿ?" ನೀಲಾಬಾಯಿಗೆ ಇವರ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ರೇಷನ್ ಕಾರ್ಡಿನ ಗತೆ ಅಲ್ರಿ? ತಪ್ಪಿಸಬ್ಯಾಡ್ರಿ, ಕಾರ್ಡ್ ತಂದು ತೋರಸ್ರಿ ಅಂದವರು ನೀವs. ಯಾರೂ ಹೋಗಲಿಲ್ಲಂದ್ರ ಬಂದ್ ಆಗ್ತೈತಿ. ನನ್ನ ಕಣ್ಣು ನೆಟ್ಟಗೈತಿ, ನಾ ಯಾಕ ಪಗಾರ ಕಳಕೊಂಡು ಹೋಗ್ಲಿ? ಅಕ್ಕಗ ಕಾಣವಲ್ದು, ಬಸ್ಸು ಹೆಂಗಸರಿಗೆ ಪುಕ್ಕಟೆ ಐತಿ. ನೀನs ಹೋಗಿ ಬಾ ಅಂದ್ನಿ."

ಸಾಯಿರಾ ಡ್ರಿಪ್ ಪೈಪಿನ ಸುರುಳಿಯ ಮೇಲೆ ಕೂತುಬಿಟ್ಟರು. ಮೊದಲು ನಗು ಬಂತು. ಆಮೇಲೆ ಕಣ್ಣಲ್ಲಿ ನೀರು. ಅದನ್ನು ಓಡ್ನಿಯ ಸೆರಗಿನಿಂದ ಒರೆಸಿಕೊಳ್ಳುತ್ತ ಮತ್ತೆ ನಕ್ಕರು.

"ತಪ್ಪಾತೇನ್ರಿ ಬಾಯಾರ?" ನೀಲಾಬಾಯಿ ಗಾಬರಿಯಾದಳು.

"ಇಲ್ಲವ್ವ. ತಪ್ಪು ಮಾಡಿದಾಕಿ ನಾನು. ಕಾರ್ಡಿನ ಮ್ಯಾಲ ಒಂದ್ ಫೋಟೋ ಹಚ್ಚಬೇಕಂತ ತಿಳೀಲಿಲ್ಲ ನನಗ."

ಉಳಿದ ಮೂವರಿಗೆ ಅಲ್ಲಿಂದಲೇ ಫೋನು ಹೋಯಿತು. ಒಂದು ಮನೆಯಲ್ಲಿ ಅತ್ತೆ ಹೋಗಿದ್ದಳು. ಇನ್ನೊಂದರಲ್ಲಿ ಅಣ್ಣ. ಮಮದಾಪುರದಲ್ಲಿ ಕಾರ್ಡು ಮನೆಯನ್ನೂ ದಾಟಿತ್ತು.

"ಬಾಜೂ ಮನಿ ಮುದುಕಿ ಹೋಗಿದ್ಲಂತ್ರಿ!" ಮೌಲಾಸಾಬ ಹೊಟ್ಟೆ ಹಿಡಿದುಕೊಂಡ. "ನಿಮ್ಮ ಸಂಶೋಧನಿ ಊರ ಮಂದಿಗೆಲ್ಲ ಹಂಚ್ಯಾರ, ಬಾಯಾರ!"

ಧೂಳಪ್ಪನದು ಮಾತ್ರ ಧೂಳಪ್ಪನದೇ. ಅದನ್ನು ಸಾಯಿರಾ ಮರೆಯಲಿಲ್ಲ. ನಲವತ್ತರಲ್ಲಿ ಒಂದು, ಕಾರಣ ತಿಳಿದಿಲ್ಲ ಎಂದು ಮನಸ್ಸಿನಲ್ಲೇ ಬರೆದುಕೊಂಡರು. ಉಳಿದ ಮೂವರನ್ನು ಮರುದಿನ ಕಣ್ಣಾರೆ ನೋಡುವುದೆಂದೂ ನಿಶ್ಚಯಿಸಿದರು.

ಸಂಗನಬಸವರ ಫೋನು ಬಂತು. ಸುದ್ದಿ ಕೇಳಿ ಅವರು ಆ ಕಡೆಯಿಂದ ಕೂಗಿಯೇಬಿಟ್ಟರು.

"ಹರದು ಒಗೀರಿ ಆ ಪತ್ರ! ನಾ ಹೇಳಿದ್ನಿಲ್ಲೊ? ಬ್ಯಾರೆ ಮಂದಿ ಕಣ್ಣು ಯಾವ ಹಾಳ್ಯಾಗ ಬಂದಾವ, ಅಷ್ಟೂ ತಗದು ಹಾಕ್ರಿ. ಲೆಕ್ಕಕ್ಕಿಲ್ಲದ ಕಣ್ಣು ನಮಗ್ಯಾಕ?"

"ತಗದು ಹಾಕೂದಿಲ್ಲ ಸರ್. ಹೆಂಗ ತಪ್ಪಾತಂತ ಬರೀತೀನಿ..."

ಮಾತು ಅಲ್ಲೇ ನಿಂತಿತು. ಪತ್ರಾಸ್ ತಗಡಿನ ಗುಡಿಸಲಿನಿಂದ ಭೌರವ್ವ ಚಹಾದ ತಟ್ಟೆ ಹಿಡಿದು ಬರುತ್ತಿದ್ದಳು. ಮೆಟ್ಟಿಲಿನ ತುದಿಯನ್ನು ಕಾಲಿನಿಂದ ತಡವಿ ತಡವಿ ಹೆಜ್ಜೆ ಇಟ್ಟಳು. ಆ ಹಾಳೆಯ ಮಬ್ಬೆಲ್ಲ ಇವಳದು. ಮೂರು ಸಲವೂ ಸಹಾಯಕ ಹುಡುಗರು 'ಆಪರೇಷನ್ ಆದ ಕಣ್ಣು, ಹಿಂಗs ಇರತೈತಿ' ಎಂದು ಇವಳನ್ನು ಮನೆಗೆ ಕಳಿಸಿದ್ದರು. ಬಿಸಿಲು ಮುಖಕ್ಕೆ ಬಿದ್ದಾಗ ಕರಿಗುಡ್ಡೆಯ ನಟ್ಟನಡುವೆ ಮುತ್ತಿನ ಬಣ್ಣ ಹೊಳೆಯಿತು. ಮೋತಿಬಿಂದು, ಕಣ್ಣಿನ ಪೊರೆ. ತೆಗೆದರೆ ಕಾಣುತ್ತದೆ; ಹದಿನೈದು ನಿಮಿಷದ ಕೆಲಸ.

"ಲೇಖನ ಮಜಬೂತಾಗಿ ನಿಂತೈತಿ ಅಂತ ತಿಳೀರಿ," ಸಂಗನಬಸವರು ಹೇಳುತ್ತಲೇ ಇದ್ದರು. "ದಿಲ್ಲಿ ಸಮ್ಮೇಳನಕ್ಕ ನಿಮ್ಮ ಹೆಸರು ನಾನs ಕಳಸ್ತೀನಿ. ಏನಂತೀರಿ?"

ಸಾಯಿರಾ ಫೋನನ್ನು ಮೌಲಾಸಾಬನ ಕೈಗಿಟ್ಟು, ಬ್ಯಾಟರಿ ಹಿಡಿದು, ಭೌರವ್ವನ ಕಡೆಗೆ ನಡೆದರು.