ತುಳಿಯಲೆಂದೇ ಹುಟ್ಟಿದ ಪೆಟ್ಟಿಗೆ

ಬೆಳಗ್ಗೆ ಹಾಲ್ ಗುಡಿಸುವಾಗ ನನ್ನ ಪೊರಕೆ ದಿನವೂ ಒಂದೇ ಕಡೆ ತಡವರಿಸುತ್ತದೆ. ಸೋಫಾದ ಬುಡದಲ್ಲಿ, ಟಿಫಿನ್ ಡಬ್ಬಿಯಷ್ಟಗಲದ ಕಪ್ಪು ತಗಡಿನ ಪೆಟ್ಟಿಗೆಯೊಂದು, ತಲೆಯ ಮೇಲೆ ಎರಡು ಗುಂಡಿ ಹೊತ್ತು, ಹಿಂದೆ ಇಲಿಬಾಲದಂಥ ವೈರು ಚಾಚಿಕೊಂಡು ಕೂತಿರುತ್ತದೆ. ಮೂಡಲಪಾಳ್ಯದ ನಮ್ಮ ಪುಟ್ಟ ಮನೆಯಲ್ಲಿ ಮನುಷ್ಯರಿಗೇ ಕಾಲು ಚಾಚಲು ಜಾಗವಿಲ್ಲ. ಈ ಮಹಾನುಭಾವನಿಗೆ ಮಾತ್ರ ಖಾಯಂ ಪೀಠ. ಇದರ ಹೆಸರು ಫುಟ್‌ಸ್ವಿಚ್. ಗಿಟಾರಿನ ಆಂಪ್ಲಿಫೈಯರಿಗೆ ಸಿಕ್ಕಿಸಿ, ಕಾಲಿನಿಂದ ತುಳಿಯಲೆಂದೇ ಜನ್ಮ ತಳೆದ ವಸ್ತು.

ನನ್ನ ತಕರಾರಿನ ಮೂಲವೇ ಅದು. ನಾನು ಬೆಳೆದ ಕ್ರಮದಲ್ಲಿ, ಕಾಲಿಗೆ ತಾಗಬಾರದ ವಸ್ತುಗಳನ್ನೆಲ್ಲ ಕಳೆದರೆ ಭೂಮಂಡಲದಲ್ಲಿ ಉಳಿಯುವುದು ಕಾಲೊರಸು ಒಂದೇ. ಪುಸ್ತಕ ಸರಸ್ವತಿ, ಪೊರಕೆ ಲಕ್ಷ್ಮಿ, ಚೆಲ್ಲಿದ ಅಕ್ಕಿ ಅನ್ನಪೂರ್ಣೆ. ತಾಗಿದರೆ ಬಗ್ಗಿ, ಮುಟ್ಟಿ, ಕಣ್ಣಿಗೊತ್ತಿಕೊಳ್ಳಬೇಕು. ಬೆಳಗ್ಗೆ ಹಾಸಿಗೆಯಿಂದ ಇಳಿಯುವ ಮುಂಚೆ ನೆಲವನ್ನು ಮುಟ್ಟಿ 'ಕಾಲಿಡುತ್ತೇನೆ, ಕ್ಷಮಿಸು ತಾಯಿ' ಎನ್ನುವವಳು ನಾನು; ಹೊಲಿಗೆ ಯಂತ್ರದ ಪೆಡಲನ್ನೂ ಕಣ್ಣಿಗೊತ್ತಿಕೊಳ್ಳದೆ ತುಳಿದವಳಲ್ಲ. ನಮ್ಮ ಯಜಮಾನರಿಗೆ ಇದೆಲ್ಲ ಪರಿಹಾಸ್ಯ. "ರೀ, ಪೇಪರ್‌ಗೆ ಕಾಲು ತಾಗ್ತು" ಎಂದರೆ, ಬಗ್ಗಿ ಮುಟ್ಟುತ್ತಲೇ "ಆಯ್ತು ಕಣೇ, ಸ್ವರ್ಗದಲ್ಲಿ ಇನ್ನೊಂದು ಸೀಟ್ ಬುಕ್ ಆಯ್ತು" ಎನ್ನುತ್ತಾರೆ. ಅವರು ಬುಕ್ ಮಾಡಿರುವ ಸೀಟುಗಳಲ್ಲಿ ಇಷ್ಟು ಹೊತ್ತಿಗೆ ಇಡೀ ಬಡಾವಣೆಯೇ ಕೂರಬಹುದು.

ಯೌವನದಲ್ಲಿ ಮದುವೆಮನೆಗಳ ಆರ್ಕೆಸ್ಟ್ರಾದಲ್ಲಿ ಗಿಟಾರು ನುಡಿಸುತ್ತಿದ್ದವರು, ಸಂಸಾರ ಹೆಗಲೇರಿದ ಮೇಲೆ ಅದನ್ನು ಅಟ್ಟಕ್ಕೇರಿಸಿ ಕಾಮಾಕ್ಷಿಪಾಳ್ಯದ ವರ್ಕ್‌ಶಾಪೊಂದರಲ್ಲಿ ದುಡಿದರು. ವರ್ಕ್‌ಶಾಪು ಮುಚ್ಚಿದ ಮೇಲೆ ಮಾತೂ ಮುಚ್ಚಿತು. ಉಪ್ಪು ಕಮ್ಮಿ ಎಂದು ಜಗಳವಾಡದ ಗಂಡನನ್ನು ಪಡೆಯಲು ಪುಣ್ಯ ಮಾಡಿರಬೇಕು ಎನ್ನುತ್ತಾರೆ. ಪಡೆದವಳಿಗೆ ಗೊತ್ತು ಅದರ ಭಯ. ಆಗ ಉಲ್ಲಾಳದ ಹಳೆಯ ಆರ್ಕೆಸ್ಟ್ರಾ ಗೆಳೆಯರೊಬ್ಬರು ತಮ್ಮ ಅಟ್ಟ ಖಾಲಿ ಮಾಡುವ ಲೋಕೋಪಕಾರಕ್ಕಾಗಿ ಒಂದು ಪುರಾತನ ಆಂಪ್ಲಿಫೈಯರನ್ನೂ ಅದರ ಫುಟ್‌ಸ್ವಿಚ್ಚನ್ನೂ ನಮ್ಮ ಮನೆಗೆ ದಾಟಿಸಿದರು. ಗಾಜಿನ ವಾಲ್ವುಗಳು ಒಳಗೆ ನಂದಾದೀಪದಂತೆ ಹೊತ್ತಿಕೊಂಡವು. ಹಿಂದೆಯೇ ಯಜಮಾನರ ಬಾಯಿಯೂ ಹೊತ್ತಿಕೊಂಡಿತು. ದೇವರು ಕೊಡುವಾಗ ಅಳತೆ ನೋಡುವುದಿಲ್ಲ.

ಆ ಉಪನ್ಯಾಸಗಳನ್ನು ನಾನು ಒಗ್ಗರಣೆಯ ನಡುವೆ ಕೇಳಿದವಳು. ಒಂದೆರಡು ಸಾಸಿವೆ ಹೆಚ್ಚುಕಡಿಮೆಯಾಗಿದ್ದರೆ ಓದುಗರು ಮನ್ನಿಸಬೇಕು. ಆದಿಯಲ್ಲಿ ಆಂಪ್ಲಿಫೈಯರಿಗೆ ಫುಟ್‌ಸ್ವಿಚ್ ಇರಲಿಲ್ಲವಂತೆ. ಸದ್ದು ಹೆಚ್ಚಿಸು, ಸದ್ದು ಇಳಿಸು, ಅಷ್ಟೇ. ಆಮೇಲೆ ಯಾರೋ ಪುಣ್ಯಾತ್ಮರು ನಾದವನ್ನು ಚಳಿಹಿಡಿದವರ ಧ್ವನಿಯಂತೆ ನಡುಗಿಸುವ ವಿದ್ಯೆಯನ್ನು ಅದರೊಳಗೆ ಅಳವಡಿಸಿದರು. ಅದನ್ನು ಹಾಡಿನ ಮಧ್ಯೆ ಚಾಲೂ ಮಾಡುವುದು ಹೇಗೆ?

"ಎರಡೂ ಕೈ ತಂತಿ ಮೇಲಿರುತ್ತೆ ಕಣೇ. ಗುಂಡಿ ತಿರುಗಿಸೋದು ಹೇಗೆ, ಹೇಳು?"

"ಒಂದ್ ಕೈಲಿ ಮಗು, ಇನ್ನೊಂದ್ ಕೈಲಿ ಸೌಟು ಹಿಡ್ಕೊಂಡು ಕಾಲಲ್ಲೇ ಫ್ರಿಜ್ ಬಾಗ್ಲು ಮುಚ್ಚಿದೋಳನ್ನ ಕೇಳ್ತಾ ಇದೀರಲ್ರೀ!"

ಹಾಗಾಗಿ ಒಂದು ಗುಂಡಿಯ ಪೆಟ್ಟಿಗೆ ಅವತರಿಸಿತು. ಮುಂದೆ ಸ್ಪ್ರಿಂಗುಗಳ ಮೂಲಕ ನಾದವನ್ನು ಹಾಯಿಸಿ, ಖಾಲಿ ಕಲ್ಯಾಣಮಂಟಪದಲ್ಲಿ ನುಡಿಸಿದಂತೆ ಗುಂಯ್‌ಗುಡಿಸುವ ಉಪಾಯ ಬಂತು, ಎರಡನೆಯ ಗುಂಡಿ. ಆಮೇಲೆ ಮೆದು ನಾದದಿಂದ ಒರಟು ನಾದಕ್ಕೆ ಜಿಗಿಯಲು ಮತ್ತೊಂದು, ಯಾವುದು ಚಾಲೂ ಇದೆಯೆಂದು ತೋರಿಸಲು ಪುಟ್ಟ ದೀಪ. ಇಷ್ಟೆಲ್ಲ ಪ್ರತಾಪವಿದ್ದರೂ ನಮ್ಮ ಪೆಟ್ಟಿಗೆಯ ಅಂತರಂಗದಲ್ಲಿರುವುದು ಒಂದು ತಂತಿಯನ್ನು ಇನ್ನೊಂದಕ್ಕೆ ತಾಗಿಸುವ, ಬಿಡಿಸುವ ಕೆಲಸ ಮಾತ್ರ. ಅದನ್ನು ನಮ್ಮ ಬಾತ್‌ರೂಮ್ ಲೈಟಿನ ಸ್ವಿಚ್ಚೂ ಯಾವ ಜಂಭವಿಲ್ಲದೆ ಮಾಡುತ್ತದೆ. ಬಿಡಿಯಾದ ಸಾಮಾನಾದ್ದರಿಂದ ವಾದ್ಯಗೋಷ್ಠಿಗಳ ಗಂಟುಮೂಟೆಯಲ್ಲಿ ಮೊದಲು ಕಳೆದುಹೋಗುತ್ತಿದ್ದುದೂ ಇದೇ. ಆದ್ದರಿಂದಲೇ ಮೂಲದ ಫುಟ್‌ಸ್ವಿಚ್ ಉಳಿದ ಆಂಪ್ಲಿಫೈಯರೆಂದರೆ, ಈ ಪಂಥದವರಿಗೆ ಮೂಲವಿಗ್ರಹ ಉಳಿದ ಗುಡಿಯಿದ್ದಂತೆ.

ಇಂತಿರಲು ನಮ್ಮ ಬಡಾವಣೆಯ ರಾಜ್ಯೋತ್ಸವದಲ್ಲಿ ನುಡಿಸಲು ಅವರಿಗೆ ಕರೆ ಬಂತು. ಅಷ್ಟು ವರ್ಷಗಳ ಮೇಲೆ ಮೊದಲ ವೇದಿಕೆ. ಮೊದಲ ಚರಣ ಸಾದಾ, ಎರಡನೆಯದು ನಡುಗುವ ನಾದದಲ್ಲಿ ಎಂದು ಅಭ್ಯಾಸ ನಡೆಯಿತು. ಅಂದು ಬೆಳಗ್ಗೆ "ಕೈ ತಪ್ಪಿದ್ರೆ ಇನ್ನು ಮುಟ್ಟಲ್ಲ ಕಣೇ, ಮತ್ತೆ ಅಟ್ಟಕ್ಕೇ" ಎಂದವರ ದನಿ, ಸ್ವಿಚ್ಚಿನ ಸಹಾಯವಿಲ್ಲದೆಯೇ ನಡುಗುತ್ತಿತ್ತು. ನನಗೆ ಗೊತ್ತಿದ್ದ ಪರಿಹಾರ ಒಂದೇ. ಅವರು ಸ್ನಾನಕ್ಕೆ ಹೋದಾಗ, ಹೊಸ ಸ್ಕೂಟರಿಗೆ ಮಾಡುವಂತೆ ಗಿಟಾರಿಗೂ ಆಂಪ್ಲಿಫೈಯರಿಗೂ ಅರಿಶಿನ ಕುಂಕುಮವಿಟ್ಟೆ. ಪಂಕ್ತಿಭೇದ ಬೇಡವೆಂದು ಫುಟ್‌ಸ್ವಿಚ್ಚಿನ ಎರಡೂ ಗುಂಡಿಗೆ ಒಂದೊಂದು ಬೊಟ್ಟು. ಅಷ್ಟರಲ್ಲಿ ಮೈಕ್‌ಸೆಟ್ಟಿನವರು ಬಂದು ಎಲ್ಲವನ್ನೂ ಹೊತ್ತೊಯ್ದು ವೇದಿಕೆಯ ಮೇಲೆ ಜೋಡಿಸಿದರು.

ಸಂಜೆ ಮೊದಲ ಚರಣ ನಿರಾತಂಕವಾಗಿ ಮುಗಿಯಿತು. ಪಾಲಿಶ್ ಮಾಡಿದ ಬೂಟಿನ ಕಾಲು ಗುಂಡಿಯ ಮೇಲೆ ಎದ್ದಿತು. ಎದ್ದದ್ದು ಅಲ್ಲೇ ನಿಂತಿತು. ಯಜಮಾನರು ಕುಂಕುಮ ನೋಡಿದ್ದರು. ಸ್ವರ್ಗದಲ್ಲಿ ಸೀಟು ಬುಕ್ ಮಾಡಿ ನಗುವ ಮಹಾಪುರುಷರು, ನಟರಾಜನ ಭಂಗಿಯಲ್ಲಿ ಶಿಲೆಯಾದರು. ಡ್ರಮ್ಮಿನವರು ಪಾಪ, ಬಾರಿಸಿದ್ದನ್ನೇ ಮತ್ತೆ ಮತ್ತೆ ಬಾರಿಸುತ್ತಿದ್ದರು.

ಪಕ್ಕದ ಮನೆಯ ಜಯಮ್ಮ ನನ್ನ ತೋಳು ಚಿವುಟಿದರು: "ಏನಕ್ಕ, ಭಾವನವರಿಗೆ ಕಾಲು ಹಿಡ್ಕೊಂತಾ?"

"ಕಾಲಲ್ಲ ಜಯಮ್ಮ, ಹಿಡ್ಕೊಂಡಿರೋದು ನಾನು" ಎಂದೆ. ಅವರಿಗೆ ಅರ್ಥವಾಗಲಿಲ್ಲ, ಬಿಡಿ.

ಯಜಮಾನರ ಕಣ್ಣು ಮುಂದಿನ ಸಾಲಿನಲ್ಲಿ ನನ್ನನ್ನು ಹುಡುಕಿತು. ನಾನು ಕುರ್ಚಿಯಿಂದಲೇ ಬಗ್ಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡೆ, ಹೊಲಿಗೆ ಯಂತ್ರಕ್ಕೆ ಮಾಡುವ ಹಾಗೆ. ಆಮೇಲೆ ಪಾದವನ್ನು ನೆಲಕ್ಕೆ ಒತ್ತಿ ತೋರಿಸಿದೆ. ಅವರು ಬೂಟು ಕಳಚಿದರು. ಬಗ್ಗಿದರು, ಗುಂಡಿ ಮುಟ್ಟಿದರು, ಕಣ್ಣಿಗೊತ್ತಿಕೊಂಡರು. ಎಂಥ ದೈವಭಕ್ತರೆಂದು ಸಭೆ ಚಪ್ಪಾಳೆ ಹೊಡೆಯಿತು. ನನ್ನ ಜೀವಮಾನದ ಪ್ರವಚನಕ್ಕೆ ಸಿಕ್ಕ ಫಲವೆಲ್ಲ ಅವರ ಖಾತೆಗೆ ಜಮೆಯಾಯಿತು. ಬರಿಗಾಲಿನ ಹೆಬ್ಬೆರಳು ಒತ್ತಿದಾಗ 'ಟಕ್' ಎಂದಿತು, ನಾದ ನಡುಗತೊಡಗಿತು. ಯಜಮಾನರ ಕೈ ಮಾತ್ರ ನಡುಗಲಿಲ್ಲ.

ಈಗಲೂ ಬೆಳಗ್ಗೆ ಪೊರಕೆ ಅಲ್ಲಿಗೆ ಬಂದಾಗ ತಡವರಿಸಿ ನಿಲ್ಲುತ್ತದೆ. ಪೆಟ್ಟಿಗೆಯನ್ನು ಎತ್ತಿ, ಕೆಳಗೆ ಗುಡಿಸಿ, ಅದರ ಪೀಠದಲ್ಲೇ ಇಡುತ್ತೇನೆ. ಕುಂಕುಮವಿಡುವುದನ್ನು ಬಿಟ್ಟಿದ್ದೇನೆ, ತುಳಿಯುವವರ ಕಷ್ಟ ನನಗೂ ತಿಳಿದಿದೆ. ಆದರೂ ಯಜಮಾನರು ಅಭ್ಯಾಸಕ್ಕೆ ಕೂರುವಾಗ, ನಾನು ಅಡುಗೆಮನೆಯಲ್ಲೇ ಇದ್ದೇನೆಂದು ಒಮ್ಮೆ ಇಣುಕಿ ಖಾತ್ರಿ ಮಾಡಿಕೊಂಡು, ಮೆಲ್ಲಗೆ ಬಗ್ಗಿ ಅದನ್ನು ಮುಟ್ಟುತ್ತಾರೆ. ನಾನೂ ಸೌಟಿನ ಸದ್ದನ್ನು ತುಸು ಜೋರು ಮಾಡುತ್ತೇನೆ. ನೋಡಿದ್ದು ಅವರಿಗೆ ಗೊತ್ತಾಗಬಾರದಲ್ಲ.