ಬದುವಿನ ಮಗ್ಗುಲ ಸೊಪ್ಪು

ಹೋದ ವಾರ ಮಂಡ್ಯದ ಮಾರ್ಕೆಟ್ಟಿನಿಂದ ತಂದ ದಂಟಿನ ಸೊಪ್ಪು ಬಿಡಿಸುತ್ತ ಕೂತಿದ್ದೆ. ಮೂಗಿಗೆ ಔಷಧಿ ವಾಸನೆ ಬಡಿಯಿತು, ಹೊಲಕ್ಕೆ ಹೊಡೆಯುತ್ತಾರಲ್ಲ, ಅದು. ನಾಲ್ಕು ಸಲ ತೊಳೆದೆ, ಐದನೇ ಸಲ ಉಪ್ಪು ಹಾಕಿ ತೊಳೆದೆ. ನಮ್ಮ ಯಜಮಾನರು ಬಾಗಿಲಲ್ಲಿ ನಿಂತು, "ಸಾರು ಮಾಡ್ತೀಯೋ, ಒಗೆದು ಒಣಗಾಕ್ತೀಯೋ?" ಅಂದರು. ಮದುವೆಯಾಗಿ ಇಷ್ಟು ವರ್ಷವಾದರೂ ಅವರು ಇದನ್ನು ನನ್ನ ಮಡಿ ಅಂದುಕೊಂಡಿದ್ದಾರೆ. ಮಡಿಯೂ ಇಲ್ಲ, ಮಣ್ಣೂ ಇಲ್ಲ. ಅದು ಹೆದರಿಕೆ. ಅವರಿಗೆ ಹೇಳಿರಲಿಲ್ಲ, ನಿಮಗೆ ಹೇಳುತ್ತೇನೆ.

ಮಳವಳ್ಳಿ ಕಡೆಯ ನಮ್ಮೂರಲ್ಲಿ ಆಗ ಮನೆಮನೆಗೂ ರೇಷ್ಮೆ ಹುಳ. ನಡುಮನೆ ಪೂರ್ತಿ ಹುಳದ್ದು, ನಾವು ಗೋಡೆಗೆ ಒತ್ತರಿಸಿಕೊಂಡು ಮಲಗಬೇಕು. ಹುಳ ಪೊರೆ ಬಿಡಲು ಮೇವು ನಿಲ್ಲಿಸಿ ಕೂತರೆ ಅದಕ್ಕೆ ಜ್ವರ ಎನ್ನುತ್ತಿದ್ದೆವು. ನನಗೆ ಜ್ವರ ಬಂದಾಗ ಮನೆಯಲ್ಲಿ ಯಾರೂ ಅಷ್ಟು ಮೆಲ್ಲಗೆ ನಡೆದಾಡಿದ್ದು ನೆನಪಿಲ್ಲ. ನಾಲ್ಕು ಜ್ವರ ದಾಟಿ, ಹುಳ ಹಣ್ಣಾಗಿ ಗೂಡು ಕಟ್ಟಲು ತಲೆಯೆತ್ತಿದರೆ, ಮನೆಯಾಕೆ ಜಗಲಿಗೆ ಬಂದು ಬೀದಿಯ ಹೆಂಗಸರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ಕೂಗುತ್ತಿದ್ದಳು. "ಉಳ ಅಣ್ಣಾಗವೆ, ಬಾರೇ." ಅಷ್ಟೇ. ಮುದ್ದೆ ತಿರುವುತ್ತಿದ್ದವಳೂ ಬೇಗ ಇಳಿಸಿ, ಕೈ ತೊಳೆದು ಬರುತ್ತಿದ್ದಳು. ಹಣ್ಣು ಹುಳವನ್ನೆಲ್ಲ ಆರಿಸಿ ಗೂಡು ಕಟ್ಟಲು ಬಿದಿರಿನ ತಟ್ಟಿಗೆ, ಅಂದರೆ ಚಂದ್ರಿಕೆಗೆ ಬಿಡಬೇಕು, ಅದೂ ಅವತ್ತೇ. ಕೂಲಿಯ ಮಾತಿಲ್ಲ. ಆದರೆ ಒಬ್ಬಳ ಹೆಸರು ಕೂಗಲಿಲ್ಲ ಅಂದರೆ ಆ ಮನೆ ಜೊತೆ ಮಾತು ಬಿಟ್ಟ ಹಾಗೆ.

ಪಕ್ಕದ ಮನೆಯ ಪುಟ್ಟಮ್ಮನನ್ನು ನಾನು ದೊಡ್ಡವ್ವ ಅನ್ನುತ್ತಿದ್ದೆ. ಅವಳು ಮೊದಲು ಕೂಗುತ್ತಿದ್ದ ಹೆಸರು ಎದುರು ಮನೆ ನಿಂಗಮ್ಮನದು. ಇಬ್ಬರೂ ಒಂದೇ ವರ್ಷ ಊರಿಗೆ ಸೊಸೆಯಾಗಿ ಬಂದವರು. ಒಬ್ಬಳ ಒಲೆಯ ಕೆಂಡವೇ ಇನ್ನೊಬ್ಬಳ ಒಲೆಗೆ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ದೊಡ್ಡವ್ವ ಹುಳದ ಮೇವಿಗೆಂದು ಹಿಪ್ಪುನೇರಳೆ ತೋಟಕ್ಕೆ ಕಳಿಸುತ್ತ, "ಒಂದೊರೆ ಸೊಪ್ಪು ತತ್ತೀಯವ್ವಾ? ಮ್ಯಾಗಡೆ ಕುಯ್ಯಿ. ಬದೀನ ಮಗ್ಗುಲದು ಮುಟ್ಬ್ಯಾಡ, ಪಕ್ಕದೋರು ಬದ್ನೆಗೆ ಔಸ್ದಿ ವಡ್ದವ್ರೆ" ಅಂದಳು. ಮೇಲಕ್ಕೆ ಹತ್ತುವವರು ಯಾರು? ಬದುವಿನ ಮಗ್ಗುಲಲ್ಲೇ ಕುಯ್ದೆ. ಸಂಜೆಗೆ ಹುಳ ಹಸಿರು ಕಕ್ಕತೊಡಗಿದವು, ಬೆಳಿಗ್ಗೆ ಅಷ್ಟೂ ಸತ್ತು ತಿಪ್ಪೆಗೆ. "ಮ್ಯಾಗಡೇದೇ ತಾನೆ?" ಅಂತ ಕೇಳಿದಳು. "ಊಂ" ಅಂದೆ. ಸೊಪ್ಪು ಸರಿಯಿದ್ದರೆ ಇನ್ನೇನು ಉಳಿಯಿತು? ಹಿಂದಿನ ದಿನ ನಿಂಗಮ್ಮ ಒಳಗೆ ಇಣುಕಿ, "ಏನ್ ಚೆಂದಾಗವೆ ಕಣೇ" ಅಂದಿದ್ದಳು. ಅವಳ ಕಣ್ಣೇ ತಾಗಿತು ಎಂದಾಯಿತು. ಮುಂದಿನ ಬೆಳೆಗೆ ದೊಡ್ಡವ್ವ ನಿಂಗಮ್ಮನ ಹೆಸರು ಕೂಗಲಿಲ್ಲ.

ಆಮೇಲೆ ನಾವು ಮಂಡ್ಯ ಸೇರಿದೆವು. ಮೂವತ್ತು ವರ್ಷ, ಮದುವೆ ತಿಥಿಗೆಂದು ಊರಿಗೆ ಹೋದರೂ ಆ ಬೀದಿಗೆ ಕಾಲಿಡದೆ ಬಸ್ಸು ಹತ್ತಿದ್ದೇನೆ. ಮಕ್ಕಳಿಗೆ ಸತ್ಯ ಹೇಳಬೇಕು ಅಂತ ಪಾಠ ಮಾಡುವ ಮೇಡಂ ನಾನು.

ಸೊಪ್ಪು ತೊಳೆದ ಮಾರನೆಯ ದಿನ, ಭಾನುವಾರ, ಮಳವಳ್ಳಿ ಬಸ್ಸು ಹತ್ತಿದೆ. ಈಗ ಹುಳಕ್ಕೆ ಹಿತ್ತಲಲ್ಲಿ ಬೇರೆಯೇ ಮನೆ, ಚಂದ್ರಿಕೆಯೂ ಪ್ಲಾಸ್ಟಿಕ್ಕಿನದು. ದೊಡ್ಡವ್ವ ಮಾತ್ರ ಅದೇ ಜಗಲಿಯಲ್ಲಿದ್ದಳು. ಹುಳ ಅವತ್ತೇ ಹಣ್ಣಾಗಿದ್ದವು, ಆರಿಸಲು ಕೈ ಸಾಲದೆ ಪೇಚಾಡುತ್ತಿದ್ದಳು. ಕಾಫಿ ಲೋಟ ಕೆಳಗಿಟ್ಟು ಎಲ್ಲ ಹೇಳಿಬಿಟ್ಟೆ.

"ತೂ ನಿನ್ನ" ಅಂದಳು. ಆಮೇಲೆ ಎದುರು ಮನೆಯ ಬಾಗಿಲ ಕಡೆ ನೋಡಿದಳು. "ಅವ್ಳು ದ್ಯಾವ್ರ ಮ್ಯಾಲೆ ಆಣೆ ಮಾಡಿದ್ಲು ಕಣೇ. ನಾನೇ ನಂಬ್ಲಿಲ್ಲ."

"ನಾನೇ ಹೋಗಿ ಹೇಳಿ ಬರ್ಲಾ ದೊಡ್ಡವ್ವ?"

"ನಿಂದು ನೀ ಯೋಳ್ಕೊ. ನಂದು ನಾ ಯೋಳ್ಬೇಕಲ್ಲ." ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಕಂಬ ಹಿಡಿದು ಎದ್ದು, ಎದುರು ಮನೆಗೆ ಮುಖ ಮಾಡಿ ಕೂಗಿದಳು. "ಲೇ ನಿಂಗೀ, ಉಳ ಅಣ್ಣಾಗವೆ, ಬಾರೇ."

ಬಾಗಿಲು ತೆರೆಯಿತು. ತಲೆ ಪೂರ್ತಿ ನೆರೆತ ನಿಂಗಮ್ಮ ಹೊಸ್ತಿಲಲ್ಲೇ ನಿಂತಳು. "ಯಾರ್ನ ಕೂಗ್ದೆ?"

"ನಿನ್ನೇ ಕಣೇ. ನಂದೇ ತಪ್ಪಾಯ್ತು."

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ತಡಿ, ಕೈ ತೊಳ್ಕಂಡ್ ಬತ್ತೀನಿ" ಅಂದಳು.

ಹುಳದ ಮನೆಯಲ್ಲಿ ಮೂವರೂ ಕೂತೆವು. ಹುಳ ಆರಿಸುತ್ತಲೇ ನಿಂಗಮ್ಮನಿಗೆ ನನ್ನ ತಪ್ಪು ಒಪ್ಪಿಸಿದೆ. "ಇದ್ನ ಯೋಳಕ್ಕೆ ಇಷ್ಟ್ ವರ್ಸ ಬೇಕಾಯ್ತೇನೇ" ಎಂದು ತಲೆಯ ಮೇಲೊಂದು ಮೊಟಕಿದಳು, ನೋವಾಗುವ ಹಾಗೇ. ಹಗುರವಾಯಿತು. ಇನ್ನೂ ಹಣ್ಣಾಗದ ಹುಳಕ್ಕೆ ಮೇವು ಹಾಕೋಣವೆಂದು ಎದ್ದೆ.

"ನೀ ಸೊಪ್ಪು ಮುಟ್ಬ್ಯಾಡ" ಅಂದರು ಇಬ್ಬರೂ, ಒಂದೇ ಸಲಕ್ಕೆ. ಅಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗತೊಡಗಿದರು.

ನಿನ್ನೆ ಮತ್ತೆ ದಂಟಿನ ಸೊಪ್ಪು ತಂದೆ. ಎರಡು ಸಲ ತೊಳೆದು ಒಲೆಗಿಟ್ಟೆ. "ಇವತ್ತು ಇಷ್ಟೇನಾ?" ಅಂದರು ಯಜಮಾನರು. ಕೂರಿಸಿಕೊಂಡು ಎಲ್ಲ ಹೇಳಿದೆ. ಮುಂದಿನ ಬೆಳೆ ಹಣ್ಣಾದಾಗ ನಿಂಗಮ್ಮ ಫೋನು ಮಾಡುತ್ತಾಳಂತೆ, ಕೂಗುವ ಹೆಸರುಗಳ ಪಟ್ಟಿಗೆ ನನ್ನದೂ ಸೇರಿದೆ.