ತೀರ್ಥದ ಜೊತೆ ನುಂಗಿದ ಗುಳಿಗೆ

ನನ್ನ ಹೆಂಡತಿ ಬೆಳಿಗ್ಗೆ ಇಷ್ಟಲಿಂಗದ ಪೂಜೆ ಮುಗಿಸಿ, ಅಂಗೈಯಲ್ಲಿ ತೀರ್ಥ ಹಿಡಿದು, ಅದರ ಜೊತೆಗೆ ಒಂದು ಕಂದು ಬಣ್ಣದ ಗುಳಿಗೆ ನುಂಗುತ್ತಿದ್ದಳು. ಅದನ್ನು ನೋಡಲಾರದೆ ನಾನು ಆ ಹೊತ್ತಿಗೆ ತೋಟಕ್ಕೆ ಹೊರಟುಬಿಡುತ್ತಿದ್ದೆ. ಆ ಗುಳಿಗೆ ಏತರಿಂದ ಮಾಡಿದ್ದು ಎಂಬುದು ಇಡೀ ಮನೆಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು.

ನಮ್ಮದು ಸವಣೂರಿನಲ್ಲಿ ವೀಳ್ಯದೆಲೆಯ ತೋಟ. ನಾನು ಮೂರನೆಯ ಇಯತ್ತೆಗೆ ಸಾಲೆ ಬಿಟ್ಟವನು. ಅಪ್ಪ ತೀರಿಕೊಂಡ ಮೇಲೆ ಬಾವಿಯ ನೀರು ಎಳೆಯುವ ಎತ್ತುಗಳ ಹಿಂದೆ ನಡೆದೇ ಬೆಳೆದೆ. ಹಾನಗಲ್ಲ, ಹಿರೇಕೆರೂರ, ಶಿಗ್ಗಾಂವಿಯ ಸಂತೆಗಳಲ್ಲಿ ನನ್ನ ತೋಟದ ಎಲೆ ಎಂದರೆ ಕಟ್ಟು ಬಿಚ್ಚಿ ನೋಡದೆ ಒಯ್ಯುತ್ತಿದ್ದರು. ಜಂಬಕ್ಕೆ ಬರೆಯುತ್ತಿಲ್ಲ. ಆದರೆ ಜಂಬ ಇತ್ತು, ಅದನ್ನು ಮುಚ್ಚಿಡುವುದಿಲ್ಲ.

ಎಲೆ ಆಯುವುದು ಮನೆಯ ಹೆಂಗಸರ ಕೆಲಸ. ಎಳೆಯದು, ಬಲಿತದ್ದು, ಹುಳ ತಿಂದದ್ದು ಬೇರೆ ಮಾಡಬೇಕು. ತೊಟ್ಟುಗಳೆಲ್ಲ ಒಂದೇ ಕಡೆ ಬರುವಂತೆ ಜೋಡಿಸಿ ಬಾಳೆಯ ನಾರಿನಿಂದ ಕಟ್ಟಬೇಕು. ಎರಡನೆಯ ದೊಡ್ಡ ಯುದ್ಧ ಶುರುವಾಗುವುದಕ್ಕೆ ಎರಡು ವರ್ಷ ಮೊದಲು ನನ್ನ ಹೆಂಡತಿಯ ಕೈ ಇದ್ದಕ್ಕಿದ್ದಂತೆ ಚುರುಕಾಯಿತು. ಕುಳಿತಲ್ಲಿ ಕೂಡುತ್ತಿರಲಿಲ್ಲ. ನನಗಿಂತ ಒಂದು ರೊಟ್ಟಿ ಹೆಚ್ಚು ತಿಂದರೂ ದಿನದಿನಕ್ಕೆ ತೆಳ್ಳಗಾಗುತ್ತಿದ್ದಳು. ಮಾಗಿಯ ಚಳಿಯಲ್ಲಿ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು.

"ನಮ್ಮನ್ಯಾಕಿ ಮೂರು ಮಂದಿ ಕೆಲಸ ಒಬ್ಬಾಕಿನ ಮಾಡ್ತಾಳ" ಎಂದು ನಾನು ಕಟ್ಟೆಯ ಮೇಲೆ ಕುಂತು ಹೇಳಿಕೊಂಡೆ.

ಅವ್ವನಿಗೆ ಮಾತ್ರ ಸರಿ ಕಾಣಲಿಲ್ಲ. "ತಮ್ಮಾ, ಆಕಿ ಕಣ್ಣು ನೋಡು. ಯಾರೋ ಬೆನ್ನು ಹತ್ತಿ ಓಡಿಸ್ಯಾಡಿದಂಗ ನೋಡ್ತಾಳ."

"ದುಡಿಯೋರ ಕಣ್ಣು ಹಂಗ ಇರತಾವ ಬಿಡಬೇ. ಮಲಗೋರ ಕಣ್ಣು ನೋಡಿ ರೂಢಿ ಆಗೇತಿ ನಿನಗ."

ಕೊರಳಿಗೆ ಅಂಟಿಕೊಂಡಂತೆ ಕಟ್ಟುವ ಚಿನ್ನದ ಟೀಕಿಯ ದಾರವನ್ನು ಅವಳು ಎರಡು ಸಲ ಸಡಿಲು ಮಾಡಿಕೊಂಡದ್ದನ್ನೂ ನಾನು ನೋಡಿದ್ದೆ. ಮೈಯೆಲ್ಲ ಬತ್ತುತ್ತಿರುವಾಗ ಕೊರಳೊಂದು ದಪ್ಪಗಾಗುವುದೇಕೆ ಎಂದು ಕೇಳಿಕೊಳ್ಳಲಿಲ್ಲ. ಹಿರೇಕೆರೂರಿನ ಸಂತೆಯಲ್ಲಿ ಒಬ್ಬ ಗಿರಾಕಿ ಮೊದಲ ಸಲ ನನ್ನ ಕಟ್ಟು ಬಿಚ್ಚಿ, ತುದಿ ಹರಿದ ಎಲೆಗಳನ್ನು ನನ್ನ ಮುಂದೆ ಹಿಡಿದ. ಸಿಟ್ಟಿನಿಂದಲೇ ಮನೆಗೆ ಬಂದೆ. ಬೈಯಲೆಂದು ಅವಳ ಮುಂಗೈ ಹಿಡಿದರೆ ಅದು ನಡುಗುತ್ತಿತ್ತು. ನಾಡಿ ಬಲೆಗೆ ಬಿದ್ದ ಗುಬ್ಬಿಯಂತೆ ಬಡಿದುಕೊಳ್ಳುತ್ತಿತ್ತು. ನನ್ನ ಸಿಟ್ಟು ಅಲ್ಲೇ ಇಂಗಿಹೋಯಿತು.

ಶಿಗ್ಗಾಂವಿಯ ಡಾಕ್ಟರು ಅವಳ ಕೊರಳು ಮುಟ್ಟಿ ನೋಡಿ, "ಇಲ್ಲಿ ಥೈರಾಯಿಡ್ ಅಂತ ಒಂದು ಗ್ರಂಥಿ ಇರತೈತಿ. ಅದರಿಂದ ಒಂದು ರಸ ಮೈಗೆಲ್ಲ ಹೋಗತೈತಿ. ಇವರದು ಮಿತಿ ಮೀರಿ ಸುರಸಾಕತ್ತೇತಿ. ಹಿಂಗ ಬಿಟ್ರ ಎದಿ ತಡಿಯೂದಿಲ್ಲ" ಎಂದರು. ಅವರ ಚೀಟಿ ಹಿಡಿದು, ಯಲವಿಗಿಯಲ್ಲಿ ರೈಲು ಹತ್ತಿ, ದೂರದ ಒಂದು ಮಿಷನ್ ದವಾಖಾನೆಗೆ ಹೋದೆವು. ಮೊದಲು ಕೆಲವು ದಿನ ಹಾಲಿನಲ್ಲಿ ಅಯೋಡಿನ್ ಹನಿ ಹಾಕಿ ಕುಡಿಸಿದರು. ಆಮೇಲೆ ಕೊರಳು ಕೊಯ್ದು ಗ್ರಂಥಿಯ ಬಹುಭಾಗ ತೆಗೆದರು. ಕೊಯ್ಯುವಾಗ ಕೊರಳಲ್ಲಿ ಲಿಂಗ ಇರಬಾರದು ಎಂದಾಗ ಅವಳು ತೋಳಿಗೆ ಕಟ್ಟಿಸಿಕೊಂಡಳೇ ಹೊರತು ಮೈಯಿಂದ ಇಳಿಸಲಿಲ್ಲ. ಅವಳು ಅಂಥವಳು.

ಒಂದು ವರ್ಷ ಎಲ್ಲ ನೆಟ್ಟಗಿತ್ತು. ಆಮೇಲೆ ಅವಳು ನಿಧಾನವಾಗತೊಡಗಿದಳು. ಮುಖ ಬಾತುಕೊಂಡಿತು. ದನಿ ಗಂಡಸಿನಂತೆ ಒಡೆಯಿತು. ಬಾಚಿದರೆ ಹಣಿಗೆ ತುಂಬ ಕೂದಲು ಬರುತ್ತಿತ್ತು. ಬೇಸಿಗೆಯ ಬಿಸಿಲಲ್ಲಿ ಕಂಬಳಿ ಹೊದ್ದು ಕೂಡುತ್ತಿದ್ದಳು. ಎಲೆ ಕೈಯಲ್ಲಿರುವಂತೆಯೇ ತೂಕಡಿಸುತ್ತಿದ್ದಳು.

"ದವಾಖಾನಿ ಹಾಸಿಗಿ ರುಚಿ ಹತ್ತೇತಿ ನಿನಗ" ಎಂದೆ ಒಂದು ದಿನ.

ಅವಳು ಬಹಳ ಹೊತ್ತು ನನ್ನನ್ನು ನೋಡಿದಳು. ಉತ್ತರ ಹುಡುಕುವುದಕ್ಕೂ ಅವಳಿಗೆ ಅಷ್ಟು ಹೊತ್ತು ಬೇಕಾಗಿತ್ತು. "ಮೈ ಏಳವಲ್ದುರಿ" ಎಂದಳು. ಚುರುಕನ್ನು ಗುಣ ಎಂದುಕೊಂಡಿದ್ದವನು ಈಗ ಜಡ್ಡನ್ನು ಸೋಮಾರಿತನ ಎನ್ನುತ್ತಿದ್ದೆ. ಎರಡೂ ಸಲ ತಪ್ಪಿದೆ.

ಈ ಸಲ ಡಾಕ್ಟರ ಹತ್ತಿರ ನಾನೊಬ್ಬನೇ ಹೋದೆ. ಎಲ್ಲ ಹೇಳಿದೆ. ಅವರು, "ಆಗ ರಸ ಹೆಚ್ಚಾಗಿತ್ತು. ಈಗ ಉಳಿದ ಚೂರಿನಿಂದ ಬರೂದು ಸಾಲವಲ್ದು" ಎಂದರು. ನನಗೆ ತೋಟದ ಲೆಕ್ಕದಲ್ಲಿ ಅರ್ಥವಾಯಿತು. ನೀರು ಹೆಚ್ಚಾದರೆ ಬಳ್ಳಿಯ ಬೇರು ಕೊಳೆಯುತ್ತದೆ, ಕಡಿಮೆಯಾದರೆ ಒಣಗುತ್ತದೆ. ಎಲೆ ಎರಡರಲ್ಲೂ ಹಳದಿಯೇ.

ಅವರು ಒಂದು ಸೀಸೆ ಕೊಟ್ಟರು. ಕೊಡುವ ಮೊದಲು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ನೀವು ಲಿಂಗವಂತರು, ಹೇಳದ ಕೊಡಬಾರದು. ಇದು ಕುರಿ ಕೊರಳಾಗಿನ ಅದ ಗ್ರಂಥಿ ಒಣಗಿಸಿ ಮಾಡಿದ ಗುಳಿಗಿ."

"ಬ್ಯಾರೆ ಏನೂ ಇಲ್ಲೇನ್ರಿ? ಬೇರು, ನಾರು?"

"ಇಲ್ಲ."

"ತಗೊಳ್ಳಿಲ್ಲಂದ್ರ?"

"ಹಿಂಗ ತಣ್ಣಗಾಕ್ಕೋತ ಹೋಗ್ತಾರ. ಮನಿಯಾಗ ತಿಳಿಸಿ ಹೇಳ್ರಿ. ದಿನಾ ಮುಂಜಾನೆ ಎಲ್ಲಾಕ್ಕಿಂತ ಮೊದಲು, ಖಾಲಿ ಹೊಟ್ಟಿಲೆ ಒಂದು. ಹೆಚ್ಚು ಕೊಟ್ಟೀರಿ, ಮತ್ತ ಮೊದಲಿನಂಗ ಎದಿ ಓಡತೈತಿ."

ಬಂಕಾಪುರದ ಮೇಲಿಂದ ಬಂಡಿಯಲ್ಲಿ ಮನೆಗೆ ಬರುವವರೆಗೂ ಹೇಗೆ ಹೇಳಲಿ ಎಂದೇ ಯೋಚಿಸಿದೆ. ಹೇಳಿದರೆ ಅವಳು ಮುಟ್ಟುವುದಿಲ್ಲ, ಮುಟ್ಟದಿದ್ದರೆ ಉಳಿಯುವುದಿಲ್ಲ. ಮನೆಯಲ್ಲಿ ಸೀಸೆ ಕೊಟ್ಟು, "ವಿಲಾಯತಿ ಔಷಧ. ಮುಂಜಾನೆ ಎಲ್ಲಾಕ್ಕಿಂತ ಮೊದಲು ತಗೋಬೇಕಂತ" ಎಂದಷ್ಟೇ ಹೇಳಿದೆ. ಅವಳ ಬಾಯಿಗೆ ಎಲ್ಲಕ್ಕಿಂತ ಮೊದಲು ಬೀಳುವುದು ತೀರ್ಥ. ಆ ಮಾತು ಆಡುವಾಗ ಅದು ನನಗೆ ಹೊಳೆಯಲೇ ಇಲ್ಲ. ಮರುದಿನ ಕಣ್ಣಾರೆ ಕಂಡವನು ಹೇಳುವುದನ್ನು ಬಿಟ್ಟು ತೋಟಕ್ಕೆ ಹೊರಟುಬಿಟ್ಟೆ.

ಗುಳಿಗೆ ಹಿಡಿಯಿತು. ಎರಡು ತಿಂಗಳಲ್ಲಿ ಕಂಬಳಿ ಮೂಲೆಗೆ ಹೋಯಿತು, ದನಿ ಮರಳಿತು. ಅವಳು ಗೆಲುವಾದಷ್ಟೂ ನನ್ನ ಎದೆ ಕುಗ್ಗಿತು. ಸೀಸೆಯ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ಓದಬಲ್ಲವರು ಯಾರಾದರೂ ಮನೆಗೆ ಬಂದರೆ ಅದನ್ನು ಹಿಟ್ಟಿನ ಡಬ್ಬಿಯ ಹಿಂದೆ ಸರಿಸುತ್ತಿದ್ದೆ. ಯುದ್ಧದಿಂದಾಗಿ ಮುಂಬಯಿಯಿಂದ ಔಷಧ ತಡವಾದಾಗ, ಬಾರದಿದ್ದರೆ ಗತಿಯೇನು ಎಂದೂ ಹೆದರುತ್ತಿದ್ದೆ. ಬಂದಾಗ, ಇನ್ನೂ ಎಷ್ಟು ದಿನ ಈ ಸುಳ್ಳು ಎಂದೂ ಹೆದರುತ್ತಿದ್ದೆ.

ಹೀಗಿರುವಾಗ ತಿಳವಳ್ಳಿಗೆ ಕೊಟ್ಟ ನನ್ನ ತಂಗಿ ಬಂದಳು. ಹೆಂಡತಿಯ ಮೊದಲಿನ ಕಣ್ಣುಗಳೇ ತಂಗಿಯ ಮುಖದಲ್ಲಿ ಕುಳಿತಿದ್ದವು.

"ವೈನಿ, ಸುಮ್ಮ ಕುಂತ್ರೂ ಎದಿ ಡವಡವ ಅಂತೈತಿ. ಉಂಡದ್ದು ಎಲ್ಲಿ ಹೋಗತೈತೋ ಗೊತ್ತಿಲ್ಲ. ನಮ್ಮತ್ತಿ ಅಂತಾಳ, ನಿನಗ ಎರಡು ಹೊಟ್ಟಿ ಅದಾವ ಅಂತ" ಎಂದು ತಂಗಿ ನನ್ನ ಹೆಂಡತಿಯ ಮುಂದೆ ಹೇಳಿಕೊಂಡಳು.

"ನನಗೂ ಹಿಂಗ ಆಗಿತ್ತವಾ. ಅಂಜಬ್ಯಾಡ" ಎಂದು ಹೆಂಡತಿ ಅವಳ ಬೆನ್ನು ಸವರಿದಳು. ಎರಡು ದಿನದಲ್ಲಿ ಡಾಕ್ಟರಿಗೆ ತೋರಿಸೋಣ ಎಂದುಕೊಂಡೆ ನಾನು.

ಮರುದಿನ ಬೆಳಿಗ್ಗೆ ಎತ್ತಿನ ಕೊರಳಿಗೆ ಕಟ್ಟುವ ಜತ್ತಿಗೆ ಹರಿದಿದ್ದರಿಂದ ನಾನು ಇನ್ನೂ ಮನೆಯಲ್ಲೇ ಇದ್ದೆ. ದೇವರ ಜಗಲಿಯ ಮುಂದೆ ತಂಗಿ ಅಂಗೈ ಚಾಚಿ ಕುಳಿತಿದ್ದಳು. ಅಂಗೈಯಲ್ಲಿ ಕಂದು ಗುಳಿಗೆಗಳು, ಒಂದಲ್ಲ, ಎರಡು. ಹೆಂಡತಿ ಅದರ ಮೇಲೆ ತೀರ್ಥ ಹಾಕುತ್ತ, "ನಿನಗ ಈಗ ಶುರು ಆಗೇತಿ, ಎರಡು ತಗೋ. ಲಗೂ ಹಿಡೀತೈತಿ" ಎನ್ನುತ್ತಿದ್ದಳು.

ಡಾಕ್ಟರ ಮಾತು ಕಿವಿಯಲ್ಲಿ ಕೂಗಿತು. ಓಡಿಹೋಗಿ ತಂಗಿಯ ಕೈಗೆ ಹೊಡೆದೆ. ಗುಳಿಗೆಗಳು ಸಿಡಿದವು. ತೀರ್ಥ ನೆಲಕ್ಕೆ ಚೆಲ್ಲಿತು.

"ತೀರ್ಥ ಚೆಲ್ಲಿದ್ರಲ್ಲರೀ!" ಹೆಂಡತಿ ಚೀರಿದಳು.

ಹೇಳಬೇಕಾದದ್ದು ಸರಳವಿತ್ತು. ಈ ಔಷಧ ನಿಧಾನವಾದವರಿಗೆ, ಎದೆ ಓಡುವವರಿಗೆ ಇದೇ ವಿಷ, ಅಷ್ಟೇ. ಆದರೆ ತಿಂಗಳುಗಟ್ಟಲೆ ಗಂಟಲಲ್ಲಿ ಹಿಡಿದಿಟ್ಟದ್ದೇ ಮೊದಲು ಹೊರಬಿತ್ತು.

"ಅದು ಕುರಿದೈತಿ!"

ತಂಗಿ ಕೈಯನ್ನು ಸೀರೆಗೆ ಒರೆಸಿಕೊಂಡಳು. ಹೆಂಡತಿ ಸೆರಗಿನಿಂದ ನೆಲದ ತೀರ್ಥ ಒತ್ತಿ ತೆಗೆದು, ಎದ್ದು ಬಚ್ಚಲಿಗೆ ಹೋದಳು. ಎರಡು ಸಲ ಸ್ನಾನ ಮಾಡಿದ ಸಪ್ಪಳ ಕೇಳಿಸಿತು.

ತಂಗಿಯನ್ನು ಅಂದೇ ಶಿಗ್ಗಾಂವಿಗೆ ಕರೆದೊಯ್ದೆ. "ಗುಳಿಗಿ ಹೊಟ್ಟಿಗೆ ಹೋಗಲಿಲ್ಲಲ್ಲ, ಛಲೋ ಆತು" ಎಂದು ಡಾಕ್ಟರು ಅವಳಿಗೂ ಅದೇ ದವಾಖಾನೆಯ ಚೀಟಿ ಬರೆದರು. ನನ್ನ ಹೆಂಡತಿ ಮಾತ್ರ ಗುಳಿಗೆ ಬಿಟ್ಟಳು. ನನ್ನೊಂದಿಗೆ ಮಾತನ್ನೂ ಬಿಟ್ಟಳು. ರೊಟ್ಟಿ ಬಡಿಯುತ್ತಿದ್ದಳು, ಎಲೆ ಆಯುತ್ತಿದ್ದಳು. ನಾನು ಅವಳ ಕೈಗಳನ್ನು ಕಾಯತೊಡಗಿದೆ. ಮೂರನೆಯ ವಾರ ಕಟ್ಟು ಕಟ್ಟುವುದು ತಡವಾಯಿತು. ಮತ್ತೆ ಕೆಲವು ದಿನಕ್ಕೆ ಕಂಬಳಿ ಮೂಲೆಯಿಂದ ಎದ್ದು ಬಂತು. ಆ ಕಂಬಳಿ ನೋಡಿ ನನಗೆ ಅಳು ಬಂತು. ಅಳು ಬರುವ ಗಂಡಸಲ್ಲ ನಾನು.

ಅವಳ ಎದುರಿಗೆ ನೆಲಕ್ಕೆ ಕುಂತೆ. "ಹೇಳಿದ್ರ ನೀ ತಗೊಳ್ತಿರಲಿಲ್ಲ. ಅದಕ್ಕ ಹೇಳಲಿಲ್ಲ."

ಒಡೆದ ದನಿಯಲ್ಲಿ, ತಡೆತಡೆದು ಅವಳು ಹೇಳಿದಳು: "ತಗೋತಿದ್ನೋ ಬಿಡತಿದ್ನೋ, ಅದನ್ನ ನಾ ಹೇಳಬೇಕಿತ್ತು. ಕುರಿದಂತ ಗೊತ್ತಿದ್ರ ತೀರ್ಥದ ಜೋಡಿ ಮಾತ್ರ ತಗೊಳ್ತಿರಲಿಲ್ಲ. ಹಿತ್ತಲದಾಗ ನಿಂತು ನುಂಗಿ, ಜಳಕ ಮಾಡಿ ಪೂಜಿಗೆ ಕೂಡತಿದ್ದೆ. ನೀವು ಗೊತ್ತಿದ್ದೂ ದಿನಾ ತೋಟಕ್ಕ ಹೋದ್ರಿ."

"ತಪ್ಪಾತು."

ಬಾಳೆನಾರು ಅವಳ ಬೆರಳಿನಿಂದ ಜಾರಿತು. ಎತ್ತಿಕೊಳ್ಳಲಿಲ್ಲ. "ಸೀಸೆದಾಗ ಎಷ್ಟು ಉಳದಾವ?" ಎಂದಳು.

"ಒಂದು ತಿಂಗಳಿಗೆ ಆಗತಾವ."

"ನಾಳಿಂದ ನೀವ ಕೊಡ್ರಿ. ಏನು ಕೊಡಾಕತ್ತೀರಿ ಅಂತ ಹೇಳಿ ಕೊಡ್ರಿ. ದಿನಾ."

ಮರುದಿನ ಬೆಳಿಗ್ಗೆ ಹಿತ್ತಲ ಬಾವಿಯ ಹತ್ತಿರ ಅವಳು ಬರಿಗಾಲಲ್ಲಿ ನಿಂತಿದ್ದಳು, ಇನ್ನೂ ಸ್ನಾನವಾಗಿರಲಿಲ್ಲ. ನಾನು ತಂಬಿಗೆಯ ನೀರು ಹಿಡಿದಿದ್ದೆ. ಇನ್ನೊಂದು ಕೈಯಲ್ಲಿ ಗುಳಿಗೆ. ಅದನ್ನು ಅವಳ ಮುಂದೆ ಹಿಡಿದೆ. ಅವಳು ಬಾತ ಕಣ್ಣಿನಿಂದ ನನ್ನನ್ನೇ ನೋಡುತ್ತ ಕಾದಳು. ಅಂಗೈ ಚಾಚಲಿಲ್ಲ.

"ಇದು ಕುರಿದು" ಎಂದೆ.

"ಗೊತ್ತೈತಿ, ಕೊಡ್ರಿ" ಎಂದು ಅಂಗೈ ಚಾಚಿದಳು.